ಗಾಳದ ಮನೆ ಅಜ್ಜಿಯ ಮಸಾಲೆ ಮತ್ತು ಮೂರು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೆ,

ಕುಣಿಗಲ್ ಕಡೆಯ ಕೆರೆ ಏರಿಯ ಪಕ್ಕದಲ್ಲಿ ಗಾಳದವರಿಗೆ ಊಟ ಹಾಕಿ, ಮಲಗಲು ಜಾಗ ಕೊಡುತ್ತಿದ್ದ ಅಜ್ಜಿ ತೀರಿಕೊಂಡ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಐದು ಸಾಲಿನಲ್ಲಿ ಬಂದಿತ್ತು. ಹಾಕಿದ್ದಕ್ಕೆ ಕೃತಜ್ಞರು. ಆದರೆ ಆ ಐದು ಸಾಲಿನಲ್ಲಿ ಮೂರು ತಪ್ಪುಗಳಿವೆ. ಫೋಟೊದಲ್ಲಿ ಅಜ್ಜಿ ಎತ್ತಿ ಹಿಡಿದಿರುವುದು ಕಾಟ್ಲಾ ಅಲ್ಲ, ರೋಹು. ಅವರು ನಡೆಸುತ್ತಿದ್ದದ್ದು ‘ಲಾಡ್ಜ್’ ಅಲ್ಲ, ಗಾಳದ ಮನೆ. ಅವರ ಮೀನು ಸಾರಿನಲ್ಲಿ ‘ರಹಸ್ಯ ಮಸಾಲೆ’ ಅನ್ನುವಂಥದ್ದು ಏನೂ ಇರಲಿಲ್ಲ. ಈ ಕಾಗದ ಬರೆಯಲು ಮೂರನೆಯದೇ ಮುಖ್ಯ ಕಾರಣ. ಸುದ್ದಿ ಬಂದ ವಾರದೊಳಗೆ ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಅಜ್ಜಿಯ ಹೆಸರು ಹೇಳಿಕೊಂಡು ಮೀನು ಮಸಾಲೆ ಪೊಟ್ಟಣ ಮಾರುವುದು ಶುರುವಾಗಿದೆ. ಆ ಪೊಟ್ಟಣ ತಂದು ಸಾರು ಮಾಡಿದವರು, ಕೆಸರು ವಾಸನೆ ಹೊಡೆದಾಗ, ‘ಇಷ್ಟೇನಾ ಅಜ್ಜಿ ಕೈಗುಣ’ ಅನ್ನಬಾರದು.

ಕೆರೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಬರುವ ಭಾನುವಾರವೇ ಏರಿ ತುಂಬ ಬೈಕು ನಿಲ್ಲುತ್ತವೆ. ಗೊತ್ತಿರುವವರಿಗೆ ಗೊತ್ತಿದೆ.

ಮೊದಲು ಫೋಟೊದ ಮೀನು. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ರೋಹುವಿನ ಬಾಯಿ ಕೊಂಚ ಕೆಳಕ್ಕೆ, ತುಟಿಯ ಅಂಚು ನಿರಿಗೆ ಹಿಡಿದ ಹಾಗೆ, ಹುರುಪೆಗಳಲ್ಲಿ ಕೆಂಪು ಛಾಯೆ. ಮೃಗಾಲ್‌ನ ಬಾಯಿ ಇನ್ನೂ ಕೆಳಕ್ಕೆ, ನೆಲ ನೋಡುವಂಥದ್ದು. ಬಾಯಿ ಯಾವ ಕಡೆಗೋ ಮೇವೂ ಆ ಕಡೆಗೆ: ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ. ಗಾಳದ ದಾರಕ್ಕೆ ತೇಲುವ ಬೆಂಡನ್ನು ಎಲ್ಲಿ ಕಟ್ಟಬೇಕೆಂಬ ಅಜ್ಜಿಯ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿತ್ತು. ಎಂಟು ಅಡಿ ನೀರಿದ್ದರೆ ಕಾಟ್ಲಾಕ್ಕೆ ಬೆಂಡಿನಿಂದ ಕೊಕ್ಕೆಗೆ ಎರಡು ಅಡಿ, ರೋಹುವಿಗೆ ನಾಲ್ಕೈದು ಅಡಿ, ಮೃಗಾಲ್‌ಗೆ ಸೀಸದ ಗುಂಡು ತಳ ಮುಟ್ಟಿ ಬೆಂಡು ಅರ್ಧ ವಾಲಿ ನಿಲ್ಲುವಷ್ಟು. ಬೆಂಡಿಗೆ ಒಣಗಿದ ಜೋಳದ ದಂಟಿನ ತುಂಡೇ ಸಾಕು ಅನ್ನುವುದು ಅವರ ವಾದ. ಅಂಗಡಿಯ ಪ್ಲಾಸ್ಟಿಕ್ ಬೆಂಡು ಚೆಂದ, ಆದರೆ ರೋಹು ಮೆಲ್ಲಗೆ ಎಳೆದು ನೋಡಿ ಬಿಡುವುದನ್ನು ಅದು ಹೇಳುವುದಿಲ್ಲ.

ಮೀನನ್ನು ಅವರು ಎರಡೇ ಜಾತಿ ಮಾಡಿದ್ದರು, ‘ಬಿಟ್ಟ ಮೀನು’ ಮತ್ತು ‘ಹುಟ್ಟಿದ ಮೀನು’. ಇದು ಬರೀ ಮಾತಲ್ಲ. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಮೀನುಗಳು. ಮೊಟ್ಟೆ ಇಡಲು ಅವಕ್ಕೆ ಹರಿವ ನೀರು ಬೇಕು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಬಿತ್ತನೆ ಮರಿ ಹೇರಳವಾಗಿ ಸಿಗುವ ದಾರಿಯಾದದ್ದು. ಆ ದಿನದ ನೆನಪಿಗೇ ಜುಲೈ 10ನ್ನು ಮೀನು ಕೃಷಿಕರ ದಿನ ಅನ್ನುತ್ತಾರೆ. ಹಾಗಾಗಿ ಗುತ್ತಿಗೆದಾರರು ಮಳೆ ಬಂದ ಮೇಲೆ ಮರಿ ತಂದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇವು ಬಿಟ್ಟ ಮೀನು. ಕೊರವ, ಚೇಳುಮೀನು, ಬಾಳೆಮೀನು, ಸಣ್ಣ ಗೆಂಡೆಗಳು ಕೆರೆಯಲ್ಲೇ ಹುಟ್ಟಿದವು. ಬಿಟ್ಟ ಮೀನಿಗೆ ಲೆಕ್ಕ ಗುತ್ತಿಗೆದಾರರದು, ಹುಟ್ಟಿದ ಮೀನಿಗೆ ಲೆಕ್ಕ ಅಜ್ಜಿಯದು.

ಕೊರವದ ವಿಷಯದಲ್ಲಂತೂ ಅವರು ಯಾರ ಮುಲಾಜೂ ನೋಡುತ್ತಿರಲಿಲ್ಲ. ಮಳೆಗಾಲದಲ್ಲಿ ಜೊಂಡಿನ ಅಂಚಿಗೆ ನೀರಿನ ಮೇಲೆ ಕೆಂಪು ಪುಡಿ ಚೆಲ್ಲಿದ ಹಾಗೆ ಕೊರವದ ಮರಿಗಳ ಗುಂಪು ಕಾಣುತ್ತದೆ. ಅದರ ಕೆಳಗೆ ತಾಯಿಯೋ ತಂದೆಯೋ ಕಾವಲಿರುತ್ತದೆ. ಆ ಗುಂಪಿನ ಮೇಲೆ ಕಪ್ಪೆ ಸಿಕ್ಕಿಸಿದ ಗಾಳ ಎಸೆದರೆ ದೊಡ್ಡದು ಹಸಿವಿಗಲ್ಲ, ಕೋಪಕ್ಕೆ ಕಚ್ಚುತ್ತದೆ. ಹಿಡಿಯುವುದು ಇದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು, ಕೊಕ್ಕರೆಗಳು ಅದೇ ದಿನ ಮುಗಿಸುತ್ತವೆ. ಒಂದು ಮೀನಿನ ಆಸೆಗೆ ನೂರಾರು ಹೋದವು. ಹಾಗೆ ಹಿಡಿದು ತಂದವರಿಗೆ ಗಾಳದ ಮನೆಯಲ್ಲಿ ಆ ಮೀನು ಬೇಯುತ್ತಿರಲಿಲ್ಲ, ಅನ್ನ ಮತ್ತು ನೀರು ಮಜ್ಜಿಗೆ ಮಾತ್ರ.

ಇದಕ್ಕೆ ಪೂರಾ ಉಲ್ಟಾ ಆಫ್ರಿಕನ್ ಕ್ಯಾಟ್‌ಫಿಶ್. ಸರ್ಕಾರ 2000ದಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದ್ದರೂ ಎಲ್ಲಿಂದಲೋ ಬಂದು ಕೆರೆ ಸೇರಿರುತ್ತದೆ. ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡುವ ಹಾಗಿಲ್ಲ.

ಇನ್ನು ‘ಲಾಡ್ಜ್’. ಆ ಪದಕ್ಕೆ ನಮ್ಮ ಊರುಗಳಲ್ಲಿ ಬೇರೆಯೇ ವಾಸನೆಯಿದೆ, ಅದನ್ನು ಅಜ್ಜಿಗೆ ಅಂಟಿಸಬೇಡಿ. ಊರವರ ಬಾಯಲ್ಲಿ ಅದು ಗಾಳದ ಮನೆ. ಸಾಲಾಗಿ ಮೂರು ಕೋಣೆ, ಕೆಂಪು ಹೆಂಚು, ಕೋಣೆಗೆ ನಾಲ್ಕು ಹಗ್ಗದ ಮಂಚ, ಮುಂದೆ ಉದ್ದಕ್ಕೂ ಜಗಲಿ. ಬಿದಿರು ಗಳಗಳು ಜಗಲಿಯ ಹೊರಗೆ ಅಡ್ಡ ಗೂಟದ ಮೇಲೆ ಮಲಗಬೇಕು. ನೆಟ್ಟಗೆ ಒರಗಿಸಿಟ್ಟರೆ ಬಾಗಿ, ಆಮೇಲೆ ಮೀನು ಎಳೆದಾಗ ಬಾಗಿದ ಕಡೆಯೇ ಸೀಳುತ್ತವೆ. ಕೊಕ್ಕೆಗಳೆಲ್ಲ ಬೆಂಡಿನ ತುಂಡಿಗೆ ಚುಚ್ಚಿ ಡಬ್ಬದಲ್ಲಿರಬೇಕು, ಹೊಸ್ತಿಲು ದಾಟಿ ಒಳಗೆ ಬರಬಾರದು. ಬರಿಗಾಲಿನ ಮನೆ ಅದು.

ಕೆರೆಯಲ್ಲಿ ಗಾಳ ಹಾಕುವುದೆಂದರೆ ಪುಕ್ಕಟೆಯಲ್ಲ ಅನ್ನುವುದು ಪೇಟೆಯಿಂದ ಬಂದ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆಯೂ ಚಿಕ್ಕವನ್ನು ಗ್ರಾಮ ಪಂಚಾಯಿತಿಯೂ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಹಿಡಿದರೆ ಅದು ಕಳವು. ಅಜ್ಜಿ ಇದಕ್ಕೆ ಒಂದು ಸರಳ ಏರ್ಪಾಟು ಮಾಡಿಕೊಂಡಿದ್ದರು. ಗಳಕ್ಕೊಂದು ಚೀಟಿ, ಚೀಟಿಗೆ ಇಷ್ಟು ಅಂತ ಹಣ, ಆ ಹಣ ನೇರ ಗುತ್ತಿಗೆದಾರರಿಗೆ. ಒಬ್ಬರಿಗೆ ಎರಡು ಬಿಟ್ಟ ಮೀನು. ಮೂರನೆಯದು ಬಿದ್ದರೆ ತೂಕ ಹಾಕಿ ದುಡ್ಡು ಕಟ್ಟಬೇಕು. ಊಟ, ಮಂಚದ ಬಾಡಿಗೆ ಮಾತ್ರ ಅವರದು. ಎರಡು ದುಡ್ಡೂ ಒಂದೇ ಸೆರಗಿನ ಗಂಟಿಗೆ ಹೋಗುತ್ತಿರಲಿಲ್ಲ, ಬಲಗಡೆ ಒಂದು, ಎಡಗಡೆ ಒಂದು. ಎಷ್ಟು ಗುತ್ತಿಗೆದಾರರು ಬದಲಾದರೂ ಆ ಮನೆಯ ತಂಟೆಗೆ ಯಾರೂ ಬರಲಿಲ್ಲ.

ಬೆಳಗಿನ ಕಾಫಿ ಸಿಗುವುದು ಅಜ್ಜಿ ನೀರು ನೋಡಿ ಬಂದ ಮೇಲೆ. ಸೂರ್ಯ ಹುಟ್ಟುವ ಮುನ್ನ ತೂಬಿನ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದರು. ಕೆರೆಯ ತುಂಬ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ‘ಇವತ್ತು ಒಂಬತ್ತು ಗಂಟೆ ಗಂಟ ಮಲೀಕಳ್ರಪ್ಪ’. ಹೊಸಬರು ಇದನ್ನೇ ತಪ್ಪು ತಿಳಿದು, ಮೀನು ಹಸಿದು ಮೇಲೆ ಬಂದಿದೆ ಅಂತ ಓಡುತ್ತಾರೆ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಪಾಚಿಯೂ ಮೀನೂ ಎಲ್ಲವೂ ಅದನ್ನೇ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರಾ ಕಡಿಮೆ. ಹಿಂದಿನ ದಿನ ಮೋಡವಿದ್ದು ನೀರು ಹಸಿರುಗಟ್ಟಿದ್ದರಂತೂ ಇನ್ನೂ ಕಷ್ಟ. ಉಸಿರಿಗೆ ಒದ್ದಾಡುವ ಮೀನು ಮೇವು ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಹಿಂಡಿ ಸುರಿದರೆ ಅದೂ ಕೊಳೆತು ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಅದಕ್ಕೇ ಮೀನು ಸೇರಿಸಲು ಎಸೆಯುವ ತೌಡು-ಹಿಂಡಿ ಉಂಡೆಗೆ ಮಿತಿ ಇತ್ತು, ಆಳಿಗೆ ದಿನಕ್ಕೆ ಒಂದು ಸೇರು.

ಕೊಕ್ಕೆಗೆ ಸಿಕ್ಕಿಸುವ ಹಿಟ್ಟು ಬೇರೆ. ಕಡಲೆಕಾಯಿ ಹಿಂಡಿ ಪುಡಿ ಎರಡು ಪಾವು, ರಾಗಿ ಹಿಟ್ಟು ಒಂದು ಪಾವು, ಮೈದಾ ಅರ್ಧ ಪಾವು. ಹಿಂಡಿಯನ್ನು ಎಣ್ಣೆ ಹಾಕದೆ ಘಮ್ಮೆನ್ನುವ ತನಕ ಹುರಿದು, ಮೂರನ್ನೂ ಸೇರಿಸಿ, ಬಿಸಿನೀರು ಚಿಮುಕಿಸುತ್ತ ನಾದಿ, ಕೊನೆಗೆ ಒಂದು ಚಿಟಿಕೆ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ, ಒದ್ದೆ ಬಟ್ಟೆಯಡಿ ಅರ್ಧ ಗಂಟೆ. ರಾಗಿಯೊಂದನ್ನೇ ಕಲಸಿದರೆ ಜಿಗುಟಿಲ್ಲದೆ ನೀರಲ್ಲಿ ಕರಗುತ್ತದೆ. ಮೈದಾ ಹೆಚ್ಚಾದರೆ ರಬ್ಬರಿನ ಹಾಗೆ ಗಟ್ಟಿಯಾಗಿ, ಮೀನು ಕಚ್ಚಿದರೂ ಕೊಕ್ಕೆ ಹಿಟ್ಟಿನಿಂದ ಹೊರಗೆ ಬಂದು ತುಟಿಗೆ ನಾಟುವುದಿಲ್ಲ. ಪರೀಕ್ಷೆಗೆ ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಲೋಟದ ನೀರಿಗೆ ಹಾಕಬೇಕು. ಹತ್ತು ನಿಮಿಷ ಉಂಡೆ ಉಳಿದು, ಹೊರಗಿನ ಪದರ ಮಾತ್ರ ಮೆತ್ತಗಾಗಿ ಉದುರುತ್ತಿದ್ದರೆ ಸರಿ. ನೈಲಾನ್ ದಾರಕ್ಕೆ ಗಂಟು ಹಾಕುವಾಗ ಎಂಜಲು ಹಚ್ಚಿ ಬಿಗಿಯಬೇಕು. ಒಣಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ಸವೆಯುತ್ತದೆ, ದೊಡ್ಡ ಮೀನು ಹೋಗುವುದು ಮುಕ್ಕಾಲು ಪಾಲು ಅಲ್ಲಿಂದಲೇ.

ಈಗ ಮಸಾಲೆಯ ಮಾತಿಗೆ ಬರೋಣ. ಕೆರೆ ಮೀನಿನ ಕೆಸರು ವಾಸನೆ ಕೆಸರಿನದ್ದಲ್ಲ. ನೀರಿನ ನೀಲಿ-ಹಸಿರು ಪಾಚಿ ಮತ್ತು ತಳದ ಮಣ್ಣಿನ ಕೆಲವು ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು. ಮೊದಲ ಮಳೆಗೆ ನೆಲದಿಂದ ಏಳುವ ಘಮವೂ ಅದೇ. ಮೂಗಿಗೆ ಹಿತ, ನಾಲಿಗೆಗೆ ಅಲ್ಲ. ಮೀನಿನ ಕಿವಿರಿನ ಮೂಲಕ ಒಳಗೆ ಹೋಗಿ ಕೊಬ್ಬಿನಲ್ಲಿ, ಚರ್ಮದಡಿಯಲ್ಲಿ, ಪಕ್ಕೆಯ ಉದ್ದಕ್ಕೂ ಓಡುವ ಕಪ್ಪು ಮಾಂಸದ ಪಟ್ಟಿಯಲ್ಲಿ ಕೂರುತ್ತದೆ. ಅದರ ಮೇಲೆ ಎಷ್ಟು ಲವಂಗ-ಚಕ್ಕೆ ಸುರಿದರೂ ಅಡಗುವುದಿಲ್ಲ. ಹೋಗುವ ದಾರಿ ಎರಡು: ಜೀವಂತ ಮೀನನ್ನು ತಿಳಿನೀರಿನಲ್ಲಿ ಇಡುವುದು, ಇಲ್ಲವೆ ಹುಳಿ. ಅಜ್ಜಿ ಎರಡನ್ನೂ ಮಾಡುತ್ತಿದ್ದರು.

ಗಾಳದ ಮನೆಯ ಹಿತ್ತಲಿನಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟ್ ತೊಟ್ಟಿಯಿದೆ. ತುಂಬಿದರೆ ಹತ್ತಿರ ಹತ್ತಿರ 1,700 ಲೀಟರ್. ತೂತು ಕೊರೆದ ಕಡಪ ಕಲ್ಲುಗಳಿಂದ ಮೂರು ಭಾಗ. ಭಾಗಕ್ಕೆ ನಾಲ್ಕೈದು ಕೆಜಿ ಮೀನಿಗಿಂತ ಹೆಚ್ಚು ಇಲ್ಲ. ಬೋರ್‌ವೆಲ್ ನೀರನ್ನು ನೇರ ಬಿಟ್ಟರೆ ಮೀನು ಸಾಯುತ್ತದೆ. ಆಳದ ನೀರು ನೋಡಲು ತಿಳಿ, ಆದರೆ ಅದರಲ್ಲಿ ಆಮ್ಲಜನಕ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕಾಗಿ ಮೊಳೆಯಿಂದ ತೂತು ಹೊಡೆದ ತಗಡಿನ ಡಬ್ಬವನ್ನು ನಾಲ್ಕು ಅಡಿ ಎತ್ತರಕ್ಕೆ ಕಟ್ಟಿ, ಅದರ ಮೂಲಕ ಜಿನುಗು ಮಳೆಯ ಹಾಗೆ ನೀರು ಬೀಳಿಸುತ್ತಿದ್ದರು. ಗಾಳಿ ಸೇರುವುದು ಆ ಬೀಳುವಿಕೆಯಲ್ಲಿ. ಬೆಳಿಗ್ಗೆ ಸಂಜೆ ಅರ್ಧರ್ಧ ನೀರು ಬದಲಿ. ಕ್ಲೋರಿನ್ ಹಾಕಿದ ನಲ್ಲಿ ನೀರು ತೊಟ್ಟಿಗೆ ವಿಷ. ಸೋಪಿನ ಕೈಯೂ ಹಾಗೆಯೇ.

ತೊಟ್ಟಿಗೆ ನೆರಳು ಹೊಂಗೆ ಮರದ್ದು. ಹೊಂಗೆ ಬೀಜ, ಬೇರು ಮೀನಿಗೆ ನಂಜು. ಹೀಗಾಗಿ ನೆರಳು ಬೇಕು, ಉದುರುವ ಕಾಯಿ ಬೇಡ ಅಂತ ತೊಟ್ಟಿಯ ಮೇಲೆ ಬಲೆ. ಆ ಬಲೆ ಕೊರವಕ್ಕೂ ಬೇಕು. ಅದು ರಾತ್ರಿ ಹೊತ್ತು ನೆಗೆದು, ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಕೆರೆಯ ದಾರಿ ಹಿಡಿಯುವ ಪೈಕಿ.

ಮೇವು ಹಾಕದೆ ಎರಡು ರಾತ್ರಿ ಇಟ್ಟರೆ ಮೀನಿನ ಹೊಟ್ಟೆ ಖಾಲಿಯಾಗುತ್ತದೆ, ಅಷ್ಟೆ. ವಾಸನೆ ಇಳಿಯಲು ನಾಲ್ಕೈದು ದಿನ ಬೇಕು. ಬೇಸಗೆಯಲ್ಲಿ ಕೆರೆಯ ಮೇಲೆ ಹಸಿರು ಕೆನೆ ಕಟ್ಟಿದಾಗ ಹಿಡಿದದ್ದಾದರೆ ವಾರವೂ ಸಾಲದು. ಆಗ ಚರ್ಮ ಸುಲಿದು, ಕಪ್ಪು ಪಟ್ಟಿ ಕೆತ್ತಿ ತೆಗೆದು, ಹುಳಿ ಹೆಚ್ಚಿಸುತ್ತಿದ್ದರು. ಭಾನುವಾರ ಹಿಡಿದ ಮೀನು ಭಾನುವಾರವೇ ಬೇಕೆನ್ನುವವರಿಗೆ ಅವರು ಕೊಡುತ್ತಿದ್ದದ್ದು ಹಿಂದಿನ ವಾರದವರ ಮೀನು, ಇವರದ್ದು ಮುಂದಿನ ವಾರದವರಿಗೆ. ಇಷ್ಟು ವರ್ಷ ಉಂಡು ಹೊಗಳಿದ ಬಹಳ ಮಂದಿಗೆ ಇದು ಈ ಕಾಗದ ಓದಿಯೇ ಗೊತ್ತಾಗಬಹುದು. ಕೊಕ್ಕೆ ಗಂಟಲಿಗಿಳಿದು ಕಿವಿರಿನಿಂದ ರಕ್ತ ಬರುವ ಮೀನನ್ನು ಮಾತ್ರ ತೊಟ್ಟಿಗೆ ಬಿಡುತ್ತಿರಲಿಲ್ಲ. ಅದು ಸತ್ತು ಉಳಿದವನ್ನೂ ಕೆಡಿಸುತ್ತದೆ. ಅಂಥದ್ದನ್ನು ಅಲ್ಲೇ ಕೊಂದು, ಮೀನಿನಷ್ಟೇ ತೂಕದ ಪುಡಿ ಐಸ್‌ನಲ್ಲಿ ಮೇಲೆ ಕೆಳಗೆ ಹುದುಗಿಸಿಡಬೇಕು. ಐಸ್ ಗಡ್ಡೆಯ ಮೇಲೆ ಮೀನು ಇಟ್ಟರೆ ಮುಟ್ಟಿದ ಕಡೆ ಮಾತ್ರ ತಣ್ಣಗೆ, ಉಳಿದ ಕಡೆ ಕೆಡುತ್ತದೆ.

ಹೆಚ್ಚುವ ಕೆಲಸವನ್ನು ಅವರು ಬೇರೆಯವರಿಗೆ ಬಿಡುತ್ತಿರಲಿಲ್ಲ. ಕೈ ಜಾರದಿರಲು ಒಲೆ ಬೂದಿ. ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ, ಕತ್ತಿಯ ಬೆನ್ನಿನಿಂದ. ಹೊಟ್ಟೆ ಸೀಳುವಾಗ ಕತ್ತಿಯ ತುದಿ ಮೇಲ್ಮುಖವಾಗಿ, ಚರ್ಮದಷ್ಟೇ ಆಳ, ಹಿಂದಿನಿಂದ ಮುಂದಕ್ಕೆ. ಆಳಕ್ಕೆ ಇಳಿದರೆ ಪಿತ್ತದ ಚೀಲ ಒಡೆಯುತ್ತದೆ. ಒಡೆದರೆ ಹಸಿರು ತಾಗಿದ ಮಾಂಸವನ್ನು ಕೊಯ್ದು ಎಸೆಯುವುದೇ, ತೊಳೆದು ನೋಡೋಣ ಅನ್ನುವ ಮಾತಿಲ್ಲ. ಆ ಚೀಲವನ್ನು ಅಜ್ಜಿ ಲೆಕ್ಕ ಮಾಡಿ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಮೊಣಕೈ ಆಳದ ಗುಂಡಿಯಲ್ಲಿ ಹೂಳುತ್ತಿದ್ದರು, ನಾಯಿಗೂ ಸಿಗದ ಹಾಗೆ. ಸಕ್ಕರೆ ಕಾಯಿಲೆಗೆ, ಕೀಲು ನೋವಿಗೆ ಔಷಧಿ ಅಂತ ಹಸಿಯಾಗಿ ನುಂಗಲು ಕೇಳಿಕೊಂಡು ಬರುವವರು ಇದ್ದರು. ದಯವಿಟ್ಟು ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ: ರೋಹು, ಕಾಟ್ಲಾ ಮುಂತಾದ ಗೆಂಡೆ ಮೀನುಗಳ ಪಿತ್ತ ಮೂತ್ರಪಿಂಡವನ್ನು ಕೆಡಿಸುತ್ತದೆ, ನುಂಗಿ ಡಯಾಲಿಸಿಸ್‌ಗೆ ಹೋದವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬೇಯಿಸಿದರೂ ಅದರ ನಂಜು ಹೋಗುವುದಿಲ್ಲ.

ಕಿವಿರಿನ ಜೊತೆ ಗಂಟಲ ಹಲ್ಲನ್ನೂ ಕಿತ್ತು ತೆಗೆಯಬೇಕು, ಕೊಳೆ ಕೂರುವ ಜಾಗ ಅದು. ಹೊಟ್ಟೆಯ ಒಳಗೋಡೆಯ ಕಪ್ಪು ಪೊರೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಬೆನ್ನುಮೂಳೆಯ ಕೆಳಗೆ ಅಂಟಿದ ರಕ್ತದ ಗೆರೆಯನ್ನು ಉಗುರಿನಿಂದ ಕೆರೆಯಬೇಕು. ಆಮೇಲೆ ಕಲ್ಲುಪ್ಪು, ಅರಿಶಿನ ಹಚ್ಚಿ ಹತ್ತು ನಿಮಿಷ, ಮೂರು ನೀರು. ಮೂರನೆಯ ನೀರು ಕುಡಿಯುವ ನೀರಿನ ಹಾಗೆ ಇರಬೇಕು, ಇಲ್ಲದಿದ್ದರೆ ನಾಲ್ಕನೆಯದು. ಹೊರಗೆ ಹೊಗಳಿಸಿಕೊಂಡ ಮಸಾಲೆಯ ಮುಕ್ಕಾಲು ಪಾಲು ಇದೇ.

ಗೆಂಡೆಯ ಮಾಂಸದೊಳಗಿನ ಕವಲು ಮುಳ್ಳಿಗೆ ಹೆದರಿ ಎಷ್ಟೋ ಜನ ಅದನ್ನು ತಿನ್ನುವುದಿಲ್ಲ. ಹುರಿಯುವ ತುಂಡಿಗೆ ಅಜ್ಜಿ ಅಕ್ಕಿ ಕಾಳಿನ ದಪ್ಪದ ಅಂತರದಲ್ಲಿ ಅಡ್ಡಡ್ಡ ಗೀರು ಹಾಕುತ್ತಿದ್ದರು, ಚರ್ಮ ಕತ್ತರಿಸದ ಹಾಗೆ. ಮುಳ್ಳು ಚೂರಾಗಿ, ಕಾದ ಎಣ್ಣೆ ಗೀರಿನೊಳಗೆ ಇಳಿದು ಅದೂ ಗರಿಗರಿಯಾಗುತ್ತದೆ.

ಸಾರಿಗೆ, ಹೆಚ್ಚಿದ ಮೀನು ಒಂದು ಕೆಜಿಗೆ: ದನಿಯ ಮೂರು ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ಹತ್ತು, ಗುಂಟೂರು ನಾಲ್ಕು, ಕಾಳುಮೆಣಸು ಹತ್ತು, ಜೀರಿಗೆ ಅರ್ಧ ಚಮಚ, ಮೆಂತ್ಯ ಕಾಲು ಚಮಚ. ಹುರಿದು, ಹದಿನೈದು ಸಣ್ಣ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಅರ್ಧ ಹೋಳು ಕಾಯಿ ತುರಿಯ ಜೊತೆ ಒರಳಲ್ಲಿ ನುಣ್ಣಗೆ. ಹುಣಸೆ ದೊಡ್ಡ ನಿಂಬೆಹಣ್ಣಿನ ಗಾತ್ರ. ಹಳೆ ಹುಣಸೆಯಾದರೆ ಅದರ ಮುಕ್ಕಾಲು ಸಾಕು. ಕಡಲೆಕಾಯಿ ಎಣ್ಣೆ, ಮಣ್ಣಿನ ಮಡಕೆ. ಇದರಲ್ಲಿ ಯಾವುದು ರಹಸ್ಯ? ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಇರುವ ಸಾಮಾನು. ತಪ್ಪಾಗುವುದು ಕ್ರಮದಲ್ಲಿ. ಹುಳಿ ಮತ್ತು ಖಾರ ಹಸಿ ವಾಸನೆ ಹೋಗಿ ಎಣ್ಣೆ ಮೇಲೆ ತೇಲುವ ತನಕ, ಅಂದರೆ ಇಪ್ಪತ್ತು ನಿಮಿಷವಾದರೂ, ಮೀನಿಲ್ಲದೆ ಕುದಿಯಬೇಕು. ಆಮೇಲೆ ತಲೆ, ಐದು ನಿಮಿಷ ಬಿಟ್ಟು ತುಂಡುಗಳು, ಮತ್ತೆ ಹತ್ತೇ ನಿಮಿಷ. ಸೌಟು ಹಾಕುವ ಹಾಗಿಲ್ಲ, ಮಡಕೆಯ ಕಂಠಕ್ಕೆ ಬಟ್ಟೆ ಹಿಡಿದು ಕುಲುಕುವುದು. ಇಳಿಸಿ ಒಂದು ಗಂಟೆಯಾದರೂ ಮುಚ್ಚಿಡಬೇಕು. ಮೀನಿಗೆ ಉಪ್ಪು-ಹುಳಿ ಹಿಡಿಯುವುದು ಒಲೆಯ ಮೇಲಲ್ಲ, ಆ ಒಂದು ಗಂಟೆಯಲ್ಲಿ.

ಮುದ್ದೆಗೆ ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಕುದಿಯುವ ನೀರಿಗೆ. ಅದು ಉಕ್ಕಿ ಬಂದಾಗ ಉಳಿದ ಹಿಟ್ಟು ನಡುವೆ ಗುಡ್ಡೆಯಾಗಿ, ಕೋಲಿನಿಂದ ಒಂದು ತೂತು, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಹೆಚ್ಚಿನ ನೀರು ಬಗ್ಗಿಸಿಟ್ಟುಕೊಂಡು ತಿರುವಿ, ಬೇಕಾದಷ್ಟೇ ಮತ್ತೆ ಹಾಕಿಕೊಳ್ಳುವುದು. ಬೇಯುವ ಮೊದಲೇ ತಿರುವಿದರೆ ಗಂಟು. ಇದನ್ನು ತುಮಕೂರಿನವರಿಗೆ ಹೇಳಿಕೊಡುವುದು ಅಧಿಕಪ್ರಸಂಗ, ಪೇಟೆಯ ಓದುಗರಿಗಾಗಿ ಬರೆದದ್ದು.

ಅಡುಗೆಯಷ್ಟೇ ಮುಖ್ಯವಾದದ್ದು ಕಂಬಕ್ಕೆ ನೇತುಹಾಕಿದ್ದ ಚೀಲ. ಅದರಲ್ಲಿ ತಂತಿ ಕತ್ತರಿಸುವ ಇಕ್ಕಳ, ಡೆಟಾಲ್, ಹತ್ತಿ ಬಟ್ಟೆ. ಕೊಕ್ಕೆ ಬೆರಳಿಗೆ, ಅದರ ತುದಿಯ ಹಿಂದಿರುವ ಎದುರು ಮುಳ್ಳು ಮುಳುಗುವಷ್ಟು ಹೊಕ್ಕರೆ ಹಿಂದಕ್ಕೆ ಎಳೆಯಬಾರದು, ಮುಳ್ಳು ಮಾಂಸ ಹರಿಯುತ್ತದೆ. ತುದಿ ಚರ್ಮದ ಹತ್ತಿರವಿದ್ದರೆ ಮುಂದಕ್ಕೆ ತಳ್ಳಿ ಹೊರಗೆ ತಂದು, ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ತೆಗೆಯಬೇಕು. ಆಳಕ್ಕೆ ಹೋಗಿದ್ದರೆ, ಕೀಲಿನ ಹತ್ತಿರವಿದ್ದರೆ,  ಅಥವಾ ಕಣ್ಣಿನ ಸುತ್ತಮುತ್ತ ಎಲ್ಲೇ ಆದರೂ ಮುಟ್ಟದೆ ಆಸ್ಪತ್ರೆಗೆ. ಯಾವುದಕ್ಕಾದರೂ ಟಿಟಿ ಇಂಜೆಕ್ಷನ್ ಆಗಿದೆಯೇ ಎಂದು ವಿಚಾರಿಸಬೇಕು. ಚೇಳುಮೀನಿನ ಪಕ್ಕದ ಮುಳ್ಳು ಚುಚ್ಚಿದರೆ ಉರಿ ತಲೆಗೇರುತ್ತದೆ. ಐಸ್ ಇಡುವುದು ತಪ್ಪು, ಸುಡದಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕೈ ಅದ್ದಿಡಬೇಕು. ಆ ನಂಜು ಬಿಸಿಗೆ ಸೋಲುತ್ತದೆ. ನೀರಿನ ಬಿಸಿಯನ್ನು ಚುಚ್ಚಿಸಿಕೊಂಡ ಕೈಯಿಂದಲ್ಲ, ಇನ್ನೊಂದು ಕೈಯಿಂದ ನೋಡಬೇಕು.

ಗಾಳಕ್ಕಿಂತ ದೊಡ್ಡ ಭಯ ಕೆರೆ ಅಂಗಳದ ಗುಂಡಿಗಳದ್ದು. ಬೇಸಗೆಯಲ್ಲಿ ಗೋಡು ಮಣ್ಣು ಹೊಡೆಯಲು ಜೆಸಿಬಿ ಇಳಿಯುತ್ತವೆ, ಒಂದೇ ಕಡೆ ಹತ್ತು ಹದಿನೈದು ಅಡಿ ತೋಡಿ ಹೋಗುತ್ತವೆ. ಮಳೆ ಬಂದು ನೀರು ಒಂದು ಅಳತೆಗೆ ನಿಂತರೆ ಮೇಲಿಂದ ಎಲ್ಲ ಒಂದೇ. ಮೊಣಕಾಲು ನೀರಲ್ಲಿ ನಡೆಯುತ್ತಿದ್ದವರು ಒಂದು ಹೆಜ್ಜೆಗೆ ಮುಳುಗುತ್ತಾರೆ. ಅಜ್ಜಿ ಕೆರೆ ಒಣಗಿದಾಗಲೇ ಗುಂಡಿಗಳ ಅಂಚಿಗೆ ಉದ್ದನೆಯ ಗಳು ನೆಟ್ಟು ಕೆಂಪು ಬಟ್ಟೆ ಕಟ್ಟಿಸುತ್ತಿದ್ದರು. ಈ ಸಲ ಕಟ್ಟಿಸುವವರಿಲ್ಲ. ಸಂಬಂಧಪಟ್ಟವರು ಗಮನಿಸಬೇಕು, ಮಳೆಗೆ ಮುಂಚೆ.

ನೀರಿನ ಲೆಕ್ಕವನ್ನು ಅವರು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಗಳ ಹಿಂದೆ ಮೊಮ್ಮಗಳ ಕೈಯಲ್ಲಿ ಬರೆಸಿದ್ದಾರೆ. ತೂಬಿನ ಎಷ್ಟನೆಯ ಕಲ್ಲಿಗೆ ನೀರು, ಗಾಳಿ ಯಾವ ಕಡೆ, ಯಾವ ಮಳೆ, ಯಾವ ಮೀನು. ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಕೆರೆ ಹೇಗೆ ತುಂಬಿತು ಅನ್ನುವುದು ವರ್ಷ ವರ್ಷಕ್ಕೂ ಇದೆ. ಮಾರ್ಕೋನಹಳ್ಳಿ ಜಲಾಶಯದ ಸೈಫನ್ ಹರಿಯಿತೆಂಬ ಸುದ್ದಿ ಕಿವಿಗೆ ಬಿದ್ದ ದಿನಗಳಿಗೆ ಕೆಂಪು ಸುತ್ತು. ಆ ಜಲಾಶಯದಲ್ಲಿ ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತದೆ ಸೈಫನ್ ತಾನಾಗಿ ಹರಿಯುತ್ತದಲ್ಲ, ಅವರಿಗೆ ಅದೊಂದು ಬೆರಗು. ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದ 2022ರ ಹಾಳೆಗಳಲ್ಲಿ ಬರೆಯಲು ಜಾಗವೇ ಸಾಲದೆ ಅಂಚಿನಲ್ಲೆಲ್ಲ ಬರೆದಿದೆ. ಕೋಡಿ ನೀರಿಗೆ ಎದುರು ಹತ್ತುವ ಮೀನನ್ನು ಬುಟ್ಟಿ ಒಡ್ಡಿ ಹಿಡಿಯುವುದು ಅವರಿಗೆ ಹಿಡಿಸುತ್ತಿರಲಿಲ್ಲ, ‘ಬಸುರಿ ಮೀನು ಕಣ್ರಪ್ಪ’ ಅನ್ನುತ್ತಿದ್ದರು. ಇಲ್ಲಿ ಮಾತ್ರ ಊರವರು ಅವರ ಮಾತು ಕೇಳಲಿಲ್ಲ, ಕೋಡಿ ಬಿದ್ದ ದಿನ ಊರಿಗೆ ಊರೇ ಬುಟ್ಟಿ ಹಿಡಿದು ನಿಲ್ಲುತ್ತದೆ.

ಕೊನೆಯದಾಗಿ ಒಂದು ಪ್ರಕಟಣೆ, ಇದನ್ನು ದಯವಿಟ್ಟು ಕತ್ತರಿಸದೆ ಹಾಕಿ. ತೊಟ್ಟಿಯಲ್ಲಿಟ್ಟ ಮೀನಿಗೆ ಅಜ್ಜಿ ಗುರುತು ಕಟ್ಟುತ್ತಿದ್ದದ್ದು ಬಲೆಯ ಅಂಚಿಗೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಟ್ಟೆ ಚೂರು. ತಿಥಿ ಮುಗಿಸಿ ಮನೆಯವರು ಬೀಗ ಹಾಕುವಾಗ ನೋಡಿದರೆ ಎಲ್ಲ ಖಾಲಿ, ಮೂರನೆಯ ಭಾಗದಲ್ಲಿ ಒಂದು ಕೊರವ ಮಾತ್ರ ಉಳಿದಿದೆ. ಸುಮಾರು ಒಂದೂವರೆ ಕೆಜಿ, ನೀಲಿ ಬಟ್ಟೆ, ಎರಡು ಗಂಟು. ಅದು ಮೇಲೆ ಬಂದು ಗಾಳಿ ಕುಡಿಯುವ ಮೀನು, ಹಾಗಾಗಿ ಡಬ್ಬದ ನೀರು ನಿಂತರೂ ಬದುಕಿದೆ. ಎರಡು ದಿನಕ್ಕೊಮ್ಮೆ ಪಕ್ಕದ ತೋಟದವರು ನೀರು ಬದಲಿಸುತ್ತಿದ್ದಾರೆ. ಯಾರದೋ ಅವರು ಬಂದು ತೆಗೆದುಕೊಂಡು ಹೋಗಬೇಕು. ಮುಂದಿನ ಭಾನುವಾರದವರೆಗೆ ಯಾರೂ ಬರದಿದ್ದರೆ ಕೆರೆಗೆ ಬಿಡಲಾಗುವುದು.

ಇಂತಿ,
ಗಾಳದ ಮನೆಗೆ ಬಂದು ಹೋಗುತ್ತಿದ್ದ ಕೆಲವರು
ತುಮಕೂರು